ಮಹಾರಾಜರು ಬಸ್ಸಿನಲ್ಲಿ ಬಂದರು

ಐನಾಪುರದಲ್ಲಿ ನಾವು ಬಸ್ಸಿನಿಂದ ಇಳಿದ ಬೆಳಿಗ್ಗೆ ಒಂದು ಮನೆಯ ಮುಂದೆ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರೂ ಮಿಂದು ಮಡಿಯುಟ್ಟಿದ್ದರು. ಕೈಯಲ್ಲಿ ಕಲಶ, ಅದರ ಮೇಲೆ ತೆಂಗಿನಕಾಯಿ. ಹೊಸ್ತಿಲಿನಿಂದ ರಸ್ತೆಯವರೆಗೆ ರಂಗೋಲಿ. ನನ್ನ ತಂದೆ ನಿಂತು ನೋಡಿದರು. ಅವರ ರಾಜ್ಯ ಹೋಗಿ ಮೂವತ್ತು ವರ್ಷಗಳ ಮೇಲಾಗಿತ್ತು, ಅರಮನೆ ಹೋಗಿ ಮೂರು ತಿಂಗಳು. ಪಟ್ಟಕ್ಕೇರಿದ ದಿನ ಬಿಟ್ಟರೆ ಇಂಥ ಸ್ವಾಗತ ಅವರಿಗೆ ಸಿಕ್ಕಿರಲಿಲ್ಲ. ಮೀಸೆಯ ಮೇಲಿನ ಧೂಳು ಒರೆಸಿಕೊಂಡು, ಬಲಗೈ ಎತ್ತಿ ಎಲ್ಲರಿಗೂ ಆಶೀರ್ವಾದ ಮಾಡಿದರು.

ಯಾರೂ ತಲೆ ಬಾಗಿಸಲಿಲ್ಲ. ಎಲ್ಲರ ಕಣ್ಣು ನಮ್ಮ ಬೆನ್ನ ಹಿಂದಿನ ರಸ್ತೆಯ ತಿರುವಿನ ಮೇಲಿತ್ತು. ಮುಂದೆ ನಿಂತಿದ್ದ ಹಿರಿಯ ಹೆಂಗಸು ನನ್ನನ್ನು ಏನೋ ಕೇಳಿದರು, ತಿಳಿಯಲಿಲ್ಲ. ಅದನ್ನೇ ಮರಾಠಿಯಲ್ಲಿ ಕೇಳಿದರು, ಅರ್ಧ ತಿಳಿಯಿತು. ಮಹಾರಾಜರು ಹಿಂದೆ ನಡೆದು ಬರುತ್ತಿದ್ದಾರೆಯೇ ಎಂದು ಕೇಳುತ್ತಿದ್ದರು. ನಾನು ಅಪ್ಪನನ್ನು ತೋರಿಸಿದೆ. ಅವರು ಅಪ್ಪನನ್ನು ಟೋಪಿಯಿಂದ ಬೂಟಿನವರೆಗೆ ಒಮ್ಮೆ ನೋಡಿದರು. ಆಮೇಲೆ ಕಲಶವನ್ನು ಪಕ್ಕದವಳ ಕೈಗೆ ಕೊಟ್ಟು ಒಳಗೆ ಹೋಗಿ, ಒಂದು ತಂಬಿಗೆ ನೀರು ತಂದು ನನ್ನ ಕೈಗಿಟ್ಟರು.

ಅವರ ತಪ್ಪೇನೂ ಇರಲಿಲ್ಲ. ನಮ್ಮನ್ನು ಅಲ್ಲಿಗೆ ಕಳಿಸಿದವರು ನಿಪ್ಪಾಣಿಯ ಒಬ್ಬ ತಂಬಾಕಿನ ವ್ಯಾಪಾರಿ. ನಮ್ಮ ಅರಮನೆಯ ಹುಕ್ಕಕ್ಕೆ ಅವರ ತಂದೆಯ ಕಾಲದಿಂದಲೂ ಅವರ ಅಂಗಡಿಯದೇ ತಂಬಾಕು. ಅರಮನೆ ಎಂದೊಡನೆ ದೊಡ್ಡದೇನನ್ನೂ ಊಹಿಸಬೇಡಿ. ವಿಂಧ್ಯದ ಬೆಟ್ಟಗಳ ನಡುವೆ ಹನ್ನೊಂದು ಹಳ್ಳಿಗಳ ಸಂಸ್ಥಾನ ನಮ್ಮದು, ಹೆಸರು ಝಿರಿಯಾಗಢ. ಹುಲಿಗಳನ್ನೂ ಸೇರಿಸಿಕೊಂಡರೆ ಮಾತ್ರ ಪ್ರಜೆಗಳು ಸಾಕಷ್ಟಾಗುತ್ತಿದ್ದರು. ಅರಮನೆಯ ದಾವೆಯಲ್ಲಿ ಚಿಕ್ಕಪ್ಪ ಗೆದ್ದ ಮೇಲೆ, ತಮ್ಮನ ಬಾಡಿಗೆದಾರನಾಗಿ ಆ ಊರಿನ ನೀರು ಮುಟ್ಟುವುದಿಲ್ಲ ಎಂದು ಅಪ್ಪ ಶಪಥ ಮಾಡಿದರು. ಆದರೆ ಹೋಗುವುದೆಲ್ಲಿಗೆ? ಅಪ್ಪನಿಗೆ ಬರೆವ ಕಾಗದದಲ್ಲಿ ಇನ್ನೂ ಮಹಾರಾಜರು ಎಂದು ಬರೆಯುತ್ತಿದ್ದವರು ಇಡೀ ದೇಶದಲ್ಲಿ ಈ ವ್ಯಾಪಾರಿ ಒಬ್ಬರೇ. ಅಮ್ಮ ತೀರಿಕೊಂಡಿದ್ದಳು. ನನಗೆ ಇಪ್ಪತ್ತನಾಲ್ಕು ವರ್ಷ, ಹಿಂದಿಯಲ್ಲಿ ಎಂ.ಎ. ಆಗಿತ್ತು. ಆ ವ್ಯಾಪಾರಿಯೇ ನನಗೆ ಐನಾಪುರದ ಶಾಲೆಯೊಂದರಲ್ಲಿ ಹಿಂದಿ ಕಲಿಸುವ ಕೆಲಸ ನೋಡಿದರು. ಅಲ್ಲಿದ್ದ ತಮ್ಮ ಸೋದರತ್ತೆ ಅಕ್ಕಾತಾಯಿಗೆ, ನಾಳೆ ಮಹಾರಾಜರು ಬರುತ್ತಾರೆ, ಮುಂದಿನ ಎರಡು ಖೋಲಿ ಸಾರಿಸಿ ಇಡು ಎಂದು ಚೀಟಿ ಕಳಿಸಿದರು. ಖೋಲಿ ಎಂದರೆ ಕೋಣೆ.

ಆ ಸೀಮೆಯಲ್ಲಿ ಜೈನ ಮನೆತನಗಳು ಬಹಳ. ಅವರ ಬಾಯಲ್ಲಿ ಮಹಾರಾಜರು ಎಂದರೆ ಮುನಿಗಳು. ಮನೆ, ಬಟ್ಟೆ, ವಾಹನ ಎಲ್ಲ ತೊರೆದು, ನವಿಲುಗರಿಯ ಪಿಂಛಿ ಹಿಡಿದು ಬರಿಗಾಲಲ್ಲಿ ಊರೂರು ನಡೆಯುವವರು. ಅವರಿಗೆ ಆಹಾರ ನೀಡುವ ಪುಣ್ಯಕ್ಕೆಂದು, ನನ್ನ ಕೈಗೆ ನೀರು ಕೊಟ್ಟ ಈ ಅಕ್ಕಾತಾಯಿ ಬೆಳಗಿನ ಜಾವಕ್ಕೇ ಎದ್ದು ಓಣಿಯನ್ನೇ ಎಬ್ಬಿಸಿದ್ದರು. ಬಸ್ಸಿನಿಂದ ಇಳಿದದ್ದು ಚರ್ಮದ ಬೂಟು, ಬೇಟೆಯ ಕೋಟು, ಒಂಬತ್ತು ಟ್ರಂಕು.

ನಮ್ಮ ಊರಿನಲ್ಲಿ ಅಪ್ಪ ರಾತ್ರಿ ಹತ್ತಕ್ಕೆ ಊಟಕ್ಕೆ ಕೂರುತ್ತಿದ್ದರು, ಮಾಂಸವಿಲ್ಲದೆ ಏಳುತ್ತಿರಲಿಲ್ಲ. ಅಕ್ಕಾತಾಯಿಯ ಮನೆಯಲ್ಲಿ ಮಾಂಸದ ಮಾತು ಹಾಗಿರಲಿ, ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಟಾಟೆಗಳಿಗೂ ಪ್ರವೇಶವಿಲ್ಲ. ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತುವಂತಿಲ್ಲ. ಬಾಡಿಗೆಗೆ ಒಪ್ಪುವ ಮೊದಲೇ ಇದನ್ನೆಲ್ಲ ಅವರು ಬೆರಳು ಮಡಿಸಿ ಹೇಳಿದ್ದರು. ಅಪ್ಪ ಈ ಮನೆಯಲ್ಲಿ ಒಂದು ವಾರವೂ ನಿಲ್ಲುವುದಿಲ್ಲ ಎಂದುಕೊಂಡೆ. ನಿಂತರು. ಸಂಜೆ ಐದೂವರೆಗೆ ಮುಖ ತೊಳೆದು, ಕೋಟಿನ ಗುಂಡಿ ಹಾಕಿಕೊಂಡು ತಾಟಿನ ಮುಂದೆ ಕೂರುತ್ತಿದ್ದರು. ಅವರಿಗೆ ಯಾರಾದರೂ ಹುಕುಂ ಮಾಡಿ ಎಷ್ಟೋ ಕಾಲವಾಗಿತ್ತು. ಊರಿನಲ್ಲಿ ಕೊನೆಕೊನೆಗೆ ಜನ ಅವರನ್ನು ಕಂಡು ಮುಖ ತಿರುಗಿಸುತ್ತಿದ್ದರು, ಅಷ್ಟೆ. ಬೈಯುವವರೊಬ್ಬರು ಸಿಕ್ಕಿದ್ದೂ ಅವರಿಗೆ ಒಂದು ಮರ್ಯಾದೆಯಂತೆ ಕಂಡಿರಬೇಕು.

ರೊಟ್ಟಿ ಬಡಿಯುವುದನ್ನು ಅಕ್ಕಾತಾಯಿ ನನಗೆ ಕಲಿಸಿದರು. ನಮ್ಮ ಕಡೆ ಗೋಧಿ ಹಿಟ್ಟು ಲಟ್ಟಿಸಿದರೆ ಹೇಳಿದ ಹಾಗೆ ಕೇಳುತ್ತದೆ. ಜೋಳದ ಹಿಟ್ಟು ಯಾರ ಮಾತೂ ಕೇಳುವುದಿಲ್ಲ. ನನ್ನ ಮೊದಲ ರೊಟ್ಟಿ ಒಂದು ಕಡೆ ಚಾಚಿ, ಇನ್ನೊಂದು ಕಡೆ ಹರಿದು ಹೋಗಿತ್ತು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ನಮ್ಮ ಸಂಸ್ಥಾನದ ನಕ್ಷೆಯೇ ಎಂದರು. ಈ ಸೀಳು ನದಿ, ಈ ಸುಟ್ಟದ್ದು ಬೇಟೆಯ ಕಾಡು, ಈ ಮೂಲೆಯಲ್ಲಿ ಅರಮನೆ. ಅರಮನೆಯ ಮೂಲೆಯನ್ನೇ ಮೊದಲು ಮುರಿದು, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು.

ಕನ್ನಡ ಕಲಿಯಲು ನಾನು ಚಿಕ್ಕೋಡಿಯಿಂದ ಒಂದು ಪುಸ್ತಕ ತಂದೆ. ಅದನ್ನು ಬಾಯಿಪಾಠ ಮಾಡಿ ಒಂದು ದಿನ ಅಕ್ಕಾತಾಯಿಯನ್ನು, ‘ಕುಡಿಯುವ ನೀರು ಇದೆಯೇ?’ ಎಂದು ಕೇಳಿದೆ. ಅವರು ನೀರು ಕೊಡುವುದನ್ನು ಬಿಟ್ಟು, ಪಕ್ಕದ ಮನೆಯವರನ್ನು ಕರೆದು ತಂದು, ಇನ್ನೊಮ್ಮೆ ಕೇಳೆಂದರು. ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಮಾತಾಡುತ್ತಾಳೆ ಎಂದು ಓಣಿಯಲ್ಲೆಲ್ಲ ಸುದ್ದಿಯಾಯಿತು. ಪುಸ್ತಕದಲ್ಲಿ ‘ಇದೆ’ ಎಂದಿತ್ತು, ಊರಿನಲ್ಲಿ ‘ಐತಿ’. ನಾನು ಕನ್ನಡವೆಂದು ಕಲಿತ ಅರ್ಧ ಮಾತು ಮರಾಠಿಯಾಗಿತ್ತು. ಮರಾಠಿಯೆಂದು ಬಿಟ್ಟದ್ದು ಕನ್ನಡ. ಕೊಗನೊಳ್ಳಿಯ ಹತ್ತಿರ ಹೆದ್ದಾರಿಯಲ್ಲಿ ರಾಜ್ಯದ ಗಡಿ ಎಲ್ಲಿದೆ ಎಂದು ತೋರಿಸಬಹುದು. ಜನರ ಬಾಯಲ್ಲಿ ಅದು ಎಲ್ಲಿ ಬರುತ್ತದೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಶಾಲೆಯಲ್ಲಿ ಮಕ್ಕಳು ನನ್ನನ್ನು, ಶಿಕ್ಷಕಿಯರನ್ನೆಲ್ಲ ಕರೆಯುವ ಹಾಗೆ, ಅಕ್ಕೋರು ಎಂದು ಕರೆದರು. ಬಾಯೀಜೂ, ಅಂದರೆ ರಾಜಕುಮಾರಿ ಎಂದು ಕರೆಸಿಕೊಂಡು ಬೆಳೆದವಳು ನಾನು. ಅಲ್ಲಿ ಹಾಗೆ ಕರೆದವರು ಏನನ್ನೂ ಕೇಳುತ್ತಿರಲಿಲ್ಲ. ಇಲ್ಲಿ ‘ಅಕ್ಕೋರ’ ಎಂದ ಮೇಲೆ ಒಂದು ಪ್ರಶ್ನೆ ಖಂಡಿತ ಇರುತ್ತಿತ್ತು. ಉತ್ತರ ಗೊತ್ತಿಲ್ಲದಾಗ ನಾನು ಬಹಳ ಒಂಟಿಯಾಗುತ್ತಿದ್ದೆ.

ಎಲ್ಲಕ್ಕಿಂತ ಕಷ್ಟವಾದದ್ದು ರೇಷನ್ ಕಾರ್ಡು. ಅದಿಲ್ಲದೆ ಸಕ್ಕರೆಯಿಲ್ಲ, ಚಿಮಣಿ ಎಣ್ಣೆಯಿಲ್ಲ. ಕುಟುಂಬದ ಹಿರಿಯರೇ ಬರಬೇಕು ಎಂದರು. ಅಪ್ಪನನ್ನು ಅಥಣಿಯ ಕಚೇರಿಗೆ ಕರೆದುಕೊಂಡು ಹೋದೆ. ಬಾಳಿನಲ್ಲಿ ಮೊದಲ ಸಲ ಅವರು ಪಾಳಿಯಲ್ಲಿ ನಿಂತರು. ನಿಂತವರು ಒಬ್ಬೊಬ್ಬರಾಗಿ ಮುಂದೆ ಹೋಗುವುದನ್ನು ನೋಡಿ, ಇದು ಒಳ್ಳೆಯ ಏರ್ಪಾಡು, ನಮ್ಮ ದರ್ಬಾರಿನಲ್ಲಿ ಇರಲಿಲ್ಲ ಎಂದು ಮೆಚ್ಚಿಕೊಂಡರು.

ಕಾರಕೂನರು ಹೆಸರು ಕೇಳಿದರು. ಅಪ್ಪ ಬಿರುದುಗಳ ಸಮೇತ ಹೇಳಿದರು. ಕಾರಕೂನರು ಲೇಖನಿ ಎತ್ತಿ ಹಿಡಿದು, ಮುಗಿಯುವವರೆಗೆ ಕಾದು, ಇದರಲ್ಲಿ ಹೆಸರು ಯಾವುದೆಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಉದ್ಯೋಗ? ಅಪ್ಪ ಹಿಂದಿಯಲ್ಲಿ, ಹನ್ನೊಂದು ಹಳ್ಳಿ ನನ್ನವಾಗಿದ್ದವು, ಹೋದವು ಎಂದರು. ಕಾರಕೂನರ ಮುಖದಲ್ಲಿ ನಿಜವಾದ ಮರುಕ ಮೂಡಿತು.

“ಡ್ಯಾಮಿನ್ಯಾಗ ಹೋದುವೇನ್ರಿ?”

ಸರಕಾರದಲ್ಲಿ ಹೋದವು ಎಂದು ನಾನು ತಿದ್ದಿದೆ. ಎರಡೂ ಒಂದೇ ಎಂದು ತಲೆ ಅಲ್ಲಾಡಿಸಿ, ಪರಿಹಾರ ಬಂತೇ ಎಂದು ವಿಚಾರಿಸಿದರು. ಸರಕಾರ ಕೊಡುತ್ತಿದ್ದ ರಾಜಧನವನ್ನು ನೆನೆದು, ಬರುತ್ತಿತ್ತು, ನಿಂತಿತು ಎಂದೆ. ಅವರು ಅಪ್ಪನಿಗೆ ಕುರ್ಚಿ ಕೊಟ್ಟು ಚಹಾ ತರಿಸಿದರು. ಆಮೇಲೆ ಬಹಳ ಮೃದುವಾಗಿಯೇ ಹೇಳಿದರು, “ಇವ್ರಿಗೆ ಉದ್ಯೋಗ ಇಲ್ಲಂದ್ರ, ದುಡ್ಯಾವ್ರ ಹೆಸರಿಲೆ ಕಾರ್ಡ್ ಮಾಡೂಣ್ರಿ ಅಕ್ಕೋರ. ಮುಖ್ಯಸ್ಥರು ನೀವು. ಇವ್ರು ಅವಲಂಬಿತರು.”

ಅವಲಂಬಿತರು ಎಂದರೇನು ಎಂದು ಅಪ್ಪ ಬಸ್ಸಿನಲ್ಲಿ ಕೇಳಿದರು. ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಐನಾಪುರ ಬರುವವರೆಗೆ ಅವರು ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳನ್ನು ನೋಡುತ್ತ ಕುಳಿತರು. ಆ ಕಾರ್ಡಿನ ಸಕ್ಕರೆ ಮನೆಗೆ ಬಂದ ದಿನದಿಂದ ಚಹಾ ಬಿಟ್ಟರು. ಆಮೇಲೆ ಊಟ ಅರ್ಧಕ್ಕಿಳಿಯಿತು. ನನ್ನನ್ನು ‘ಹುಜೂರ್’ ಎಂದು ಕರೆಯತೊಡಗಿದರು. ಮೊದಲು ನಗು ಬಂತು. ಮೂರನೆಯ ವಾರ ಅವರ ಕೋಟು ಸಡಿಲವಾದದ್ದು ಕಂಡು ಹೆದರಿದೆ. ರಾಜ್ಯ, ಅರಮನೆ ಎರಡೂ ಹೋದಾಗ ಉಂಡು ಮಲಗಿದವರು ಒಂದು ರಟ್ಟಿನ ಕಾರ್ಡಿಗೆ ಸೋತಿದ್ದರು.

ಅಕ್ಕಾತಾಯಿಗೆ ಹೇಳಿದೆ. ಅವರು ಒಂದು ಲೋಟ ಚಹಾ ಮಾಡಿ, ನಮ್ಮ ಖೋಲಿಗೆ ಬಂದು, ಅಪ್ಪನ ಮುಂದೆ ನೆಲಕ್ಕೆ ಕುಳಿತರು. ಆ ಹೊತ್ತಿಗೆ ಅಪ್ಪನಿಗೆ ಕನ್ನಡ ತಿಳಿಯುತ್ತಿತ್ತು, ಆಡುತ್ತಿದ್ದುದು ಕಡಿಮೆ.

“ನಮ್ಮ ಮಹಾರಾಜರು ಎಲ್ಲಾ ತಾವ ಬಿಟ್ಟ ಬರ್ತಾರ್ರಿ. ನಿಮ್ಮದು ಮಂದಿ ಕಸಗೊಂಡಾರ. ಅಷ್ಟ ಫರಕ,” ಎಂದರು. ತುಸು ಬಿಟ್ಟು, “ಬಿಟ್ಟಾವ್ರು ಭಾಳ ಹಗುರ ಇರ್ತಾರ. ನೀವು ಅದನ್ನ ಇನ್ನೂ ಹೊತಗೊಂಡ ಕುಂತೀರಿ. ಚಾ ಆರತೈತಿ, ಕುಡೀರಿ,” ಎಂದರು.

ಅಪ್ಪ ಕುಡಿದರು. ಸಕ್ಕರೆ ಕಡಿಮೆಯಾಯಿತು ಎಂದೂ ಹೇಳಿದರು. ನಾನು ಹೊರಗೆ ಹೋಗಿ ಅತ್ತೆ.

ಮಳೆಗಾಲ ಮುಗಿದ ಮೇಲೆ ಕೃಷ್ಣೆಯ ದಂಡೆಗುಂಟ ಕುರಿಗಾರರು ಬಂದರು. ಅವರು ಸಾಮಾನು ಸಾಗಿಸುವುದು ಸಣ್ಣ ಕುದುರೆಗಳ ಮೇಲೆ. ಒಂದು ಕುದುರೆ ಕುಂಟುತ್ತಿತ್ತು. ಅಪ್ಪ ರಸ್ತೆಗೆ ಇಳಿದು, ಯಾರನ್ನೂ ಕೇಳದೆ ಅದರ ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡು, ಗೊರಸಿನಿಂದ ಒಂದು ಮುಳ್ಳು ತೆಗೆದರು. ಅವರಿಗೆ ರಾಜ್ಯಭಾರ ಗೊತ್ತಿತ್ತೋ ಇಲ್ಲವೋ, ಕುದುರೆ ಗೊತ್ತಿತ್ತು. ಮರುದಿನ ಮನೆಯ ಮುಂದೆ ಮೂರು ಕುದುರೆಗಳು ನಿಂತವು. ವರ್ಷ ಕಳೆಯುವುದರಲ್ಲಿ ಅಂಕಲಿ, ರಾಯಬಾಗದ ಕಡೆಯಿಂದಲೂ ಜನ ಕುದುರೆ ಹೊಡೆದುಕೊಂಡು ಬಂದು ‘ಕುದುರಿ ಸಾಹೇಬ್ರ ಮನಿ’ ಕೇಳತೊಡಗಿದರು. ಬಂದವರು ಅಪ್ಪನೊಡನೆ ಬೇವಿನ ಗಿಡದ ಕೆಳಗೆ ಕೂತು ಹರಟೆ ಹೊಡೆಯುತ್ತಿದ್ದರು. ಅಪ್ಪನ ಕನ್ನಡ ಅಲ್ಲಿ ಕಲಿತದ್ದು. ಅದರಲ್ಲಿ ಬೈಗುಳ ಸ್ವಲ್ಪ ಹೆಚ್ಚು. ಅಕ್ಕಾತಾಯಿ ಒಂದೊಂದಾಗಿ ಕಿತ್ತು ಹಾಕಿದರೂ ಪೂರ್ತಿ ಹೋಗಲಿಲ್ಲ.

ಹೀಗೆ ಹನ್ನೊಂದು ವರ್ಷ ಕಳೆದ ಮೇಲೆ ಚಿಕ್ಕಪ್ಪನ ಮಗನಿಂದ ಕಾಗದ ಬಂತು. ಚಿಕ್ಕಪ್ಪ ಇಲ್ಲವಾಗಿದ್ದರು. ಮಗ ಅರಮನೆಯನ್ನು ಹೋಟೆಲು ಮಾಡಿದ್ದ. ಬಂದ ಪ್ರವಾಸಿಗರೆಲ್ಲ ರಾಜರೆಲ್ಲಿ ಎಂದು ಕೇಳುತ್ತಾರೆ, ದೊಡ್ಡಪ್ಪ ಬಂದು ಇರಬೇಕು, ಸಂಜೆ ಒಂದು ತಾಸು ಪೇಟ ಸುತ್ತಿ ಅಂಗಳದಲ್ಲಿ ತಿರುಗಾಡಿದರೆ ಸಾಕು ಎಂದು ಬರೆದಿದ್ದ. ನನಗೂ ಒಂದು ಕೆಲಸವಿತ್ತು. ರಾಜನ ವೇಷ ಹಾಕಿ ನಿಲ್ಲಿಸುತ್ತಾನೆ, ಎಂಥ ಅವಮಾನ ಎಂದು ನಾನು ಕೂಗಾಡಿದೆ. ಅಪ್ಪ ಕಾಗದ ಮಡಿಸಿ, ಇದರಲ್ಲಿ ಉದ್ಯೋಗ ಎಂಬಲ್ಲಿ ರಾಜ ಎಂದು ಬರೆದಿದ್ದಾನೆ, ಸಂಬಳವೂ ಇದೆ, ಅಥಣಿಯ ಕಾರಕೂನರಿಗೆ ತೋರಿಸಬೇಕು ಎಂದು ನಕ್ಕರು. ಅವರಿಗೆ ತಾವು ಹುಟ್ಟಿದ ಮನೆಯಲ್ಲಿ ಸಾಯುವ ಆಸೆಯಿತ್ತು.

ನಾನು ಹೋಗಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಇದೆ ಎಂದೆ. ಪರೀಕ್ಷೆ ಮುಗಿದ ಮೇಲೂ ಹೋಗದಿದ್ದುದಕ್ಕೆ ಕಾರಣ ಹುಡುಕಿದೆ, ಸಿಗಲಿಲ್ಲ. ಕುಡಚಿ ನಿಲ್ದಾಣದಲ್ಲಿ ಅಪ್ಪನನ್ನು ರೈಲು ಹತ್ತಿಸಿ ಬಂದು, ಐದೂವರೆಗೆ ಒಬ್ಬಳೇ ತಾಟಿನ ಮುಂದೆ ಕುಳಿತೆ. ಅಕ್ಕಾತಾಯಿ ತಮ್ಮ ತಾಟನ್ನೂ ಹೊತ್ತು ನಮ್ಮ ಖೋಲಿಗೆ ಬಂದರು.

ಮುಂದಿನ ಮೇ ತಿಂಗಳಲ್ಲಿ ಶಾಲೆಗೆ ಸೂಟಿ ಸಿಕ್ಕಿತು. ಬೇಸಗೆಯ ರಜೆಗೆ ನಮ್ಮ ಕಡೆ ಸೂಟಿ ಎನ್ನುತ್ತಾರೆ. ಝಿರಿಯಾಗಢಕ್ಕೆ ಹೋದೆ. ನಾನು ಹುಟ್ಟಿದ ಕೋಣೆಗೆ ನಂಬರು ಹಾಕಿ ಬೀಗದ ಕೈ ಕೊಟ್ಟರು. ಊಟದಲ್ಲಿ ಖಾರವಿರಲಿಲ್ಲ. ನೀರು ಬೇಕಾದಾಗ ನನ್ನ ಬಾಯಿಂದ ಕನ್ನಡ ಬಂದು, ನಾನು ಕೂಸಾಗಿದ್ದಾಗ ನನ್ನನ್ನು ಎತ್ತಿ ಆಡಿಸಿದ ಮುದುಕಿ, ಈಕೆ ಯಾವ ದೇಶದವಳು ಎಂದು ಅಡುಗೆಯವನನ್ನು ಕೇಳಿದಳು.

ಒಂದು ಸಂಜೆ ಅಂಗಳಕ್ಕೆ ಒಂದು ಯಾತ್ರೆಯ ಬಸ್ಸು ಬಂತು. ಬುಂದೇಲಖಂಡದ ಬಸದಿಗಳನ್ನು ನೋಡಿಕೊಂಡು ಹೊರಟ ಜೈನ ಯಾತ್ರಿಕರು ಅರಮನೆಯನ್ನೂ ನೋಡಲು ಇಳಿದಿದ್ದರು. ಅಪ್ಪ ಜರಿಯ ಪೇಟ, ಮುತ್ತಿನ ಸರ ಹಾಕಿಕೊಂಡು ಇಬ್ಬರು ಫ್ರೆಂಚ್ ಪ್ರವಾಸಿಗರಿಗೆ ಕತ್ತಿ ತೋರಿಸುತ್ತಿದ್ದರು. ಯಾತ್ರಿಕರಲ್ಲಿ ಒಬ್ಬ ಅಜ್ಜಿ ಮಗನನ್ನು ಕೇಳಿದರು, “ಇಂವ ಖರೇನ ರಾಜಾ ಅದಾನೋ, ಪಗಾರ ಕೊಟ್ಟ ನಿಂದ್ರಿಸ್ಯಾರೋ?”

“ಎರಡೂ ಖರೇ ಐತಿ ಆಯಿ. ನಿಮ್ಮದು ಯಾ ಊರ?” ಎಂದರು ಅಪ್ಪ.

ಅವರದು ಅಂಕಲಿ. ಕತ್ತಿಯನ್ನು ಫ್ರೆಂಚರ ಕೈಗೆ ಕೊಟ್ಟು ಅಪ್ಪ ಮೆಟ್ಟಿಲ ಮೇಲೆ ಯಾತ್ರಿಕರ ನಡುವೆ ಕುಳಿತರು. ಬೇಸಗೆ ಮಳೆ ಆಯಿತೇ, ಹೊಳೆಯಲ್ಲಿ ನೀರು ಉಳಿದಿದೆಯೇ, ಕುರಿಗಾರರು ಈ ಸಲ ಯಾವ ದಂಡೆಯಲ್ಲಿದ್ದರು ಎಂದು ಕೇಳಿದರು. ಅಜ್ಜಿ ಬುತ್ತಿಯ ಗಂಟು ಬಿಚ್ಚಿ ಅರ್ಧ ಕಡಕ್ ರೊಟ್ಟಿ ಕೊಟ್ಟರು. ಅಪ್ಪ ಅದನ್ನು ಕಟುಕಟು ಕಡಿಯುತ್ತ, ‘ನಮ್ಮೂರಾಗ’ ಹಿಂಗ, ‘ನಮ್ಮೂರಾಗ’ ಹಂಗ ಎಂದು ಐನಾಪುರದ ಮಾತು ಹೇಳುತ್ತಲೇ ಇದ್ದರು. ತರಗತಿಯಲ್ಲಿ ನಾನು ಮಕ್ಕಳಿಗೆ ‘ನಮ್ಮೂರು’ ಎಂದು ಹೇಳುತ್ತಿದ್ದುದು ಇದೇ ಮೆಟ್ಟಿಲು, ಇದೇ ಬೆಟ್ಟಗಳನ್ನು.

ಹೊರಡುವಾಗ ಅಜ್ಜಿ ನನ್ನ ಗಲ್ಲ ಮುಟ್ಟಿ, “ನೀ ಈ ಅರಮನಿಯಾಕಿ ಏನವ್ವಾ?” ಎಂದರು.

ಹೌದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಪೇಟ ಸರಿಮಾಡಿಕೊಳ್ಳುತ್ತ ಹೇಳಿಬಿಟ್ಟರು, “ಅಲ್ರಿ. ಐನಾಪುರದಾಕಿ. ಸೂಟಿಗಿ ಬಂದಾಳ.”