ಅಕ್ಕನ ಫೋನಿಗೆ ಹಿಡಿಸದ ಹಾಡು

ಹಾಡಣ್ಣ ಮಂಗಳವಾರ ಬೆಳಗ್ಗೆ ತೀರಿಕೊಂಡ. ಮಲಗಿದ್ದವನು ಏಳಲಿಲ್ಲ, ಅಷ್ಟೆ.

ಬಸ್ ನಿಲ್ದಾಣದ ಎದುರು, ಮಹಡಿ ಮೆಟ್ಟಿಲ ಕೆಳಗೆ ಅವನ ಅಂಗಡಿ. ನಿಂತರೆ ತಲೆಗೆ ಮೆಟ್ಟಿಲು ತಾಗುತ್ತಿತ್ತು. ಹಾಗಾಗಿ ದುಡಿಮೆಯ ಕಾಲವನ್ನೆಲ್ಲ ಕೂತೇ ಕಳೆದ. ಒಂದು ಕಂಪ್ಯೂಟರು, ಮೆತ್ತೆ ಸವೆದ ಹೆಡ್‌ಫೋನು, ಗಿರಾಕಿಗೊಂದು ಸ್ಟೂಲು. ಕ್ಯಾಸೆಟ್ಟು, ಸಿ.ಡಿ.ಗಳಲ್ಲಿದ್ದ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ದೊಡ್ಡ ಫೈಲನ್ನು ಸಣ್ಣದು ಮಾಡಿ ಜನರ ಫೋನಿಗೆ ತುಂಬಿಕೊಡುವುದು ಕೆಲಸ. ಸಣ್ಣದು ಮಾಡುವುದೆಂದರೆ ಹಾಡಿನೊಳಗಿನ ಕೆಲವು ಸದ್ದುಗಳನ್ನು ಕಿತ್ತು ಹಾಕುವುದು. ಮೊದಲು ಕಿವಿಗೆ ಗೊತ್ತಾಗದಂಥವು ಹೋಗುತ್ತವೆ. ಇನ್ನೂ ಹಿಂಡಿದರೆ ಗೊತ್ತಾಗುವಂಥವೂ ಹೋಗುತ್ತವೆ. ಬೇರೆಯವರು ಗುಂಡಿ ಒತ್ತಿ ಟೀ ಕುಡಿಯಲು ಹೋದರೆ ಇವನು ಕಣ್ಣು ಮುಚ್ಚಿ ಕೂತು, ಏನು ಹೋಯಿತೆಂದು ಕೇಳಿಸಿಕೊಳ್ಳುತ್ತಿದ್ದ.

"ಅಣ್ಣಾ, ಇದು ನೂರಿಪ್ಪತ್ತೆಂಟರದು. ಮುನ್ನೂರಿಪ್ಪತ್ತು ಮಾಡ್ಕೊಡಿ, ಕ್ವಾಲಿಟಿ ಬರ್ಲಿ" ಎಂದು, ಫೈಲಿನ ಅಂಕಿ ದೊಡ್ಡದಾದರೆ ಸದ್ದೂ ಚೆನ್ನಾಗುತ್ತದೆಂದು ನಂಬಿದ ಯಾರಾದರೂ ಬರುತ್ತಲೇ ಇದ್ದರು.

"ಮೊಣಕಾಲಿಗೆ ಕತ್ತರಿಸಿದ ಪ್ಯಾಂಟನ್ನ ದೊಡ್ಡ ಚೀಲಕ್ಕೆ ಹಾಕಿದ್ರೆ ಉದ್ದ ಆಗತ್ತೇನಪ್ಪಾ?"

"ಇಲ್ಲ."

"ಇದೂ ಅಷ್ಟೇ. ಚೀಲ ದೊಡ್ಡದಾಗತ್ತೆ, ನಿನ್ನ ಮೊಣಕಾಲು ಕಾಣ್ತಾನೇ ಇರತ್ತೆ."

ಅವನದೊಂದು ನೇಮವಿತ್ತು. ಕೆಲಸ ಮುಗಿಸಿ ಕೊಟ್ಟ ಮೇಲೆ ತನ್ನಲ್ಲಿರುವುದನ್ನು ಅಳಿಸಿಬಿಡಬೇಕು. ಜನ ಹಾಡಿನ ಜೊತೆಗೆ ಅಪ್ಪನ ಕೆಮ್ಮು, ಮಗುವಿನ ಮೊದಲ ಮಾತು, ಹೋದವರ ನಗುವನ್ನೂ ತರುತ್ತಿದ್ದರು. "ಇನ್ನೊಬ್ಬರ ಮನೆ ಸದ್ದು ನನ್ನ ಅಂಗಡೀಲಿ ಯಾಕಿರ್ಬೇಕು?" ಎನ್ನುತ್ತಿದ್ದ.

ಅವನಿಗೊಬ್ಬಳು ಅಕ್ಕ. ತಾಯಿ ಕೆಲಸಕ್ಕೆ ಹೋದರೆ ತಮ್ಮನನ್ನು ಸೊಂಟದಿಂದ ಇಳಿಸದೆ ಬೆಳೆಸಿದವಳು. ಸ್ನಾನವೆಂದರೆ ಓಡಿಹೋಗುತ್ತಿದ್ದ ಅವನನ್ನು ಹಿಡಿದು ಕೂರಿಸಲು ಅವಳೇ ಒಂದು ಹಾಡು ಕಟ್ಟಿದ್ದಳು: ಕಾಗೆಯೊಂದು ಬೆಳ್ಳಗಾಗಲು ಸೋಪು ಕೇಳುವ ಹಾಡು. ವರ್ಷಗಳ ಹಿಂದೆ ಒಂದು ರಜೆಯ ದಿನ ಅವನು ಅದನ್ನು ಅಂಗಡಿಯಲ್ಲಿ ಚೆನ್ನಾಗಿ ರೆಕಾರ್ಡು ಮಾಡಿದ್ದ. ಅಕ್ಕನದು ಹಳೆಯ ಫೋನು. "ನನ್ನ ಹಾಡೆಲ್ಲಾ ಹಿಡಿಸ್ಬೇಕು ಕಣೋ, ಒಂದನ್ನೂ ಬಿಡ್ಬೇಡ" ಎಂದಳು. ಗಿರಾಕಿಗಳಿಗೆ ಮಾಡದಷ್ಟು ಹಿಂಡಿ, ಎಲ್ಲವನ್ನೂ ತುಂಬಿಕೊಟ್ಟ. ಆಮೇಲೆ, ಕೈಗೆ ರೂಢಿಯಾಗಿದ್ದಂತೆ, ದೊಡ್ಡದನ್ನು ಅಳಿಸಿಬಿಟ್ಟ.

ಹೋದ ವರ್ಷ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಮಾತಾಡಿದರೆ ಬರೀ ಉಸಿರು. ಈ ವರ್ಷ ಅವಳ ಮಗಳಿಗೆ ಮಗುವಾಯಿತು. ಮೊಮ್ಮಗುವಿಗೆ ತನ್ನ ದನಿ ಕೇಳಿಸಬೇಕೆಂದು ಅಕ್ಕ ಫೋನಿನಲ್ಲಿ ಆ ಹಾಡು ಹಾಕಿದರೆ, ತಗಡಿನ ಡಬ್ಬಿಯೊಳಗಿಂದ ಯಾರೋ ಕೂಗಿದ ಹಾಗಿತ್ತು. ಮಗು ತಿರುಗಿಯೂ ನೋಡಲಿಲ್ಲ.

ಅಕ್ಕ ಫೋನು ಹಿಡಿದು ಅಂಗಡಿಗೆ ಬಂದಳು. "ಇದನ್ನ ದೊಡ್ಡದು ಮಾಡ್ಕೊಡೋ" ಎಂದು ಪಿಸುಗುಟ್ಟಿದಳು. "ಪಾಪುಗೆ ನಾನು ಅಂತ ಗೊತ್ತಾಗ್ಲಿ."

ಗುಂಡಿ ಒತ್ತಿ, ದೊಡ್ಡ ಅಂಕಿ ತೋರಿಸಿ ಕಳಿಸಬಹುದಿತ್ತು. ಕೈ ಮೌಸಿನವರೆಗೆ ಹೋಗಿತ್ತು ಕೂಡ. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡ.

"ಅಕ್ಕಾ, ದೊಡ್ಡದು ನನ್ನ ಹತ್ರಾನೇ ಇತ್ತು. ನಾನೇ ಅಳಿಸ್ದೆ."

ಅಕ್ಕ ಫೋನನ್ನು ಮಡಿಲಿಗೆ ಹಾಕಿಕೊಂಡಳು. "ಊರಿಗೆಲ್ಲಾ ಶಕುನ ಹೇಳೋ ಹಲ್ಲಿ..."

"ಬಚ್ಚಲಿಗೆ ಬಿತ್ತು. ಗೊತ್ತು ಬಿಡೇ."

ಸದ್ದಿಲ್ಲದೆ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಹೋದ ಮೇಲೆ ಅವನು ಮನೆಯಲ್ಲಿದ್ದ ಹಳೆಯ ಡಿಸ್ಕುಗಳನ್ನೆಲ್ಲ ಜಾಲಾಡಿದ. ನೇಮ ಬಿಗಿಯಾಗಿತ್ತು, ಎಲ್ಲಿಯೂ ಏನೂ ಉಳಿದಿರಲಿಲ್ಲ. ಊಟ ಸೇರದೆ ಸೊರಗಿದ.

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಪಕ್ಕದ ಹಳೇ ಪುಸ್ತಕದಂಗಡಿಯ ಗೆಳೆಯನ ಹತ್ತಿರ ಬಂದ. "ನಿನ್ನ ಅಂಗಡಿ ಸ್ವಲ್ಪ ಹೊತ್ತು ಬೇಕಲ್ಲೋ."

"ಓದೋಕಾ? ಸೂರ್ಯ ಯಾವ ಕಡೆ ಹುಟ್ದ ಇವತ್ತು?"

"ನಿನ್ನ ಪುಸ್ತಕ ಓದೋಕಲ್ಲ. ಬಸ್ಸಿನ ಸದ್ದು ನುಂಗೋಕೆ."

ಹಿಂದೆ ಅಕ್ಕ ನಿಂತಿದ್ದಳು. ರಟ್ಟು ಹರಿದ ಪುಸ್ತಕಗಳ ಎರಡು ರಾಶಿಗಳ ನಡುವೆ ಅವಳನ್ನು ಕೂರಿಸಿದ. ಬಾಗಿಲು ಮುಚ್ಚಿಸಿ, ಫ್ಯಾನು ಆರಿಸಿ, ಮೈಕನ್ನು ಅವಳ ತುಟಿಯ ಹತ್ತಿರ ತಂದ.

"ಇದೆಂಥಾ ಹಾಡೋ? ಬರೀ ಗಾಳಿ ಕಣೋ" ಎಂದಳು ಅಕ್ಕ.

"ಪಾಪು ಕಿವೀಲಿ ದಿನಾ ಹೇಳೋದು ಈ ಗಾಳೀಲೇ ತಾನೇ? ಅದಕ್ಕೆ ಗೊತ್ತಿರೋ ಅಜ್ಜಿ ಇವಳೇ. ಹೇಳೇ."

ಅಕ್ಕ ಉಸಿರಿನಲ್ಲೇ ಹಾಡಿದಳು. ಪಕ್ಕದ ಪುಸ್ತಕದ ರಟ್ಟಿನ ಮೇಲೆ ಬೆರಳು ತಾಳ ಹಾಕಿತು. ಕಾಗೆ ಸೋಪು ಕೇಳುವಲ್ಲಿ ಹಿಂದೆಲ್ಲ ಅವನ ಮೂಗು ಹಿಂಡುತ್ತಿದ್ದಳು. ಈಗಲೂ ಹಿಂಡಿದಳು. ಅವನು ಹೆಡ್‌ಫೋನು ಹಾಕಿಕೊಂಡೇ ಸೀನಿದ. ಸೀನೂ ಹಾಡಿನೊಳಗೆ ಸೇರಿತು.

ತನ್ನ ಅಂಗಡಿಗೆ ಮರಳಿ, ಫೋನಿಗೆ ಹಾಕಲೆಂದು ಒಂಚೂರು ಸಣ್ಣದು ಮಾಡಿ ನೋಡಿದ. ಯಂತ್ರ ಉಸಿರನ್ನು ಬೇಡದ ಸದ್ದೆಂದುಕೊಂಡು, ಎಲ್ಲಕ್ಕಿಂತ ಮೊದಲು ಅದನ್ನೇ ಕಿತ್ತಿತ್ತು. ಸಣ್ಣದನ್ನು ಅಲ್ಲೇ ಬಿಟ್ಟ. ದೊಡ್ಡದನ್ನು ಹಾಕಹೋದರೆ ಜಾಗವಿಲ್ಲ ಎಂದಿತು ಅಕ್ಕನ ಫೋನು.

"ನಿನ್ನ ಹಾಡು ಒಂದಷ್ಟು ತೆಗೀಬೇಕಾಗತ್ತೆ."

"ತೆಗಿ. ಎಲ್ಲಾ ಬಾಯಿಗೆ ಬರತ್ತೆ ನಂಗೆ."

"ಆ ಡಬ್ಬಿ ಹಾಡು?"

"ಅದಿರ್ಲಿ" ಎಂದಳು ಅಕ್ಕ. "ಅವಳೂ ನಾನೇ ತಾನೇ."

ಸಂಜೆ ಅಂಗಡಿಗೆ ಸೊಸೆಯ ಫೋನು ಬಂತು, ಅಕ್ಕನ ಮಗಳು. "ಮಾಮಾ, ಪಾಪು ತಿರುಗಿ ನೋಡ್ತು! ಮೊದ್ಲು ಫೋನ್ ನೋಡ್ತು, ಆಮೇಲೆ ಅಮ್ಮನ ಬಾಯಿ ನೋಡ್ತು. ಮಧ್ಯದಲ್ಲಿ ಸೀನಿದ್ಯಾರು?"

"ಕಾಗೆ" ಎಂದ ಹಾಡಣ್ಣ.

ಕಂಪ್ಯೂಟರು ಆರಿಸುವ ಮುಂಚೆ ಅವನ ಬೆರಳು ತಾನಾಗಿಯೇ ಅಳಿಸುವ ಗುಂಡಿಯತ್ತ ಹೋಯಿತು. ಅಳಿಸಲೇ ಎಂದು ಕೇಳಿತು ಪರದೆ. ಬೇಡ ಎಂದು ಒತ್ತಿ, ಹಾಡನ್ನು ಒಂದು ಡಿಸ್ಕಿಗೆ ಇಳಿಸಿಕೊಂಡು ಪುಸ್ತಕದಂಗಡಿಗೆ ಬಂದ.

"ನನ್ನ ಕೈ ಸರಿಯಿಲ್ಲ ಕಣೋ, ಅಳಿಸಿಬಿಡತ್ತೆ. ನಿನ್ನ ಹತ್ರ ಇರ್ಲಿ. ಯಾರೂ ತಗೊಳ್ಳದ ಪುಸ್ತಕ ಯಾವ್ದು?"

"ಹುಡುಕಬೇಕಾ? ಆ ಮೇಲಿನ ಸಾಲು ಪೂರ್ತಿ."

ಮೆಟ್ಟಿಲ ಕೆಳಗೆ ಬಗ್ಗಿ ಬಗ್ಗಿ ಗೂನಾದ ಬೆನ್ನನ್ನು ನೆಟ್ಟಗೆ ಮಾಡಿ, ತುದಿಗಾಲಲ್ಲಿ ನಿಂತು, ಹಾಡಣ್ಣ ಆ ಡಿಸ್ಕನ್ನು ಮೇಲಿನ ಸಾಲಿನ ಹಿಂದಕ್ಕೆ ಸರಿಸಿಟ್ಟ.