ಎಲ್ಲಿಗೆ ಎಂದು ಕೇಳಿದ್ದೆ

ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು ಅನ್ನುವುದನ್ನು ಅಕ್ಷರಕ್ಕಿಂತ ಮೊದಲೇ ಕಲಿತ ಮಕ್ಕಳು ನಾವು. ಆಗ ಹಾರನಹಳ್ಳಿಯ ನಮ್ಮ ಬೀದಿಯಲ್ಲಿ ಮೊಬೈಲು ಇದ್ದದ್ದು ಒಬ್ಬಿಬ್ಬರ ಹತ್ತಿರ. ಮಿಕ್ಕವರೆಲ್ಲ ಮನೆಯಿಂದ ಕಾಲು ಹೊರಗಿಟ್ಟರೆ ತಿರುಗಿ ಬರುವ ತನಕ ದೇವರ ಮೇಲೆ ಭಾರ. ಅದಕ್ಕೇ ಹೊರಡುವ ಗಳಿಗೆಗೆ ಅಷ್ಟು ಮರ್ಯಾದೆ. ಚೀಲ ಹಿಡಿದು ಮೆಟ್ಟಿಲಿಳಿದವರನ್ನು 'ದೂರಾನಾ?' ಎಂದು ಕೇಳಬಹುದಿತ್ತು. ಬಾಯಿತಪ್ಪಿ 'ಎಲ್ಲಿಗೆ' ಅಂದರೆ ಹೋದ ಕೆಲಸ ಕೆಟ್ಟಿತು ಅಂತಲೇ. ಹೊರಟವರೂ ಅಷ್ಟೇ, 'ಹೋಗ್ತೀನಿ' ಅನ್ನಕೂಡದು, 'ಬತ್ತೀನಿ' ಅನ್ನಬೇಕು. ಈ ವಿಷಯಕ್ಕೆ ತಲೆಯ ಮೇಲೆ ಮೊಟಕಿಸಿಕೊಂಡವರು ಓದುಗರಲ್ಲಿ ಬೇಕಾದಷ್ಟು ಜನ ಇರಬಹುದು.

ನಮ್ಮ ಮನೆಯಲ್ಲಿ ಮೊಟಕುವ ಅಧಿಕಾರ ಅಜ್ಜಿಯದು. ಅಪ್ಪನ ತಾಯಿ ಅವಳು. ಬೆಕ್ಕು ಅಡ್ಡ ಬಂದರೆ, ಒಂಟಿ ಸೀನು ಬಿದ್ದರೆ, ಯಾರು ಎಷ್ಟೇ ಅವಸರದಲ್ಲಿರಲಿ, ಕೂರಿಸಿ ನೀರು ಕುಡಿಸಿಯೇ ಕಳಿಸುವವಳು. ಅವಳಿಗೆ ಅಷ್ಟು ಹೆದರಿಕೆ ಇದ್ದದ್ದಕ್ಕೆ ಕಾರಣವೂ ಇತ್ತು. ಅವಳ ಒಬ್ಬನೇ ಮಗ ಡ್ರೈವರ್. ಅರಸೀಕೆರೆ ಸ್ಟೇಷನ್ನಿನ ಮುಂದೆ ಅಪ್ಪನ ಬಿಳಿ ವ್ಯಾನು ನಿಲ್ಲುತ್ತಿತ್ತು. ರೈಲಿಳಿದು ಬರುವ ಪ್ರವಾಸಿಗಳನ್ನು ಹತ್ತಿಸಿಕೊಂಡು ಹಳೇಬೀಡು, ಬೇಲೂರು ತೋರಿಸಿ ಸಂಜೆ ಏಳರೊಳಗೆ ಮನೆಗೆ ಬರುತ್ತಿದ್ದ. ನಾನೇಳುವ ಮೊದಲೇ ಹೊರಟುಬಿಡುತ್ತಿದ್ದರಿಂದ ಅವನು ಹೊರಡುವುದನ್ನು ನಾನು ನೋಡುತ್ತಿದ್ದದ್ದೇ ಅಪರೂಪ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಅವರೆಕಾಯಿ ಕಾಲ. ಬೀದಿಯ ಯಾವ ಮನೆಯ ಮುಂದೆ ನಿಂತರೂ ಸೊಗಡಿನ ವಾಸನೆ. ರಾಗಿ ಕೊಯ್ಲು ಮುಗಿದು, ಹುರುಳಿ ಕಿತ್ತು ತಂದವರು ಅದನ್ನು ತಾರು ರಸ್ತೆಯ ಮೇಲೆ ಹಾಸುತ್ತಿದ್ದರು, ಬಸ್ಸು ಲಾರಿ ಹತ್ತಿಳಿದು ಕಾಳು ಉದುರಲಿ ಎಂದು. ಆವತ್ತು ಭಾನುವಾರ. ರೈಲು ತಡವೆಂದು ಅಪ್ಪ ಊಟಕ್ಕೆ ಮನೆಗೆ ಬಂದಿದ್ದ. ಹಿತಕಿದ ಬೇಳೆ ಸಾರು, ಮುದ್ದೆ ಉಂಡು ಬಾಯಿ ಒರೆಸಿಕೊಳ್ಳುತ್ತ ವ್ಯಾನು ಹತ್ತಿದ. ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಬಿಲ್ಲೆ ಗೆರೆಯ ಮೇಲೆ ಬಿದ್ದಿತೋ ಇಲ್ಲವೋ ಎಂದು ಜಗಳವಾಡುತ್ತಿದ್ದವಳು, ಇಂಜಿನ್ ಸದ್ದಿಗೆ ತಲೆಯೆತ್ತಿ ಕೇಳಿಬಿಟ್ಟೆ.

"ಎಲ್ಲಿಗಪ್ಪಾ?"

"ಬೇಲೂರಿಗೆ" ಎಂದ ಅಪ್ಪ, ನಕ್ಕು, ಹೊರಟೇಹೋದ.

ಒಂಟಿಕಾಲಲ್ಲಿ ನಿಂತಿದ್ದವಳು ನಾಲಿಗೆ ಕಚ್ಚಿಕೊಂಡೆ. ಹಿಂದೆ ತಿರುಗಿ ನೋಡಿದೆ. ಅಜ್ಜಿ ಒಳಗಿದ್ದಳು, ಕೇಳಿಸಿರಲಿಲ್ಲ. ಬಚಾವಾದೆ ಅಂದುಕೊಂಡು ಆಟ ಮುಂದುವರಿಸಿದೆ.

ಏಳು ಗಂಟೆಗೆ ಅಪ್ಪ ಬರಲಿಲ್ಲ. ಎಂಟಕ್ಕೆ ಪಕ್ಕದ ಬೀದಿಯ ಗಿರಿಯಪ್ಪಣ್ಣ ಮೊಪೆಡ್ಡಿನಲ್ಲಿ ಬಂದು ಇಳಿಯದೆಯೇ ಅವ್ವನಿಗೆ ಹೇಳಿದ, "ಜಾವಗಲ್ ಹತ್ರ ವ್ಯಾನು ಹುಣಸೆ ಮರಕ್ಕೆ ಹೊಡೆದೈತಂತೆ. ಜನಾನ ಬೇಲೂರಲ್ಲೇ ಇಳಿಸಿ ಬತ್ತಿದ್ನಂತೆ, ಒಬ್ನೇ ಇದ್ನಂತೆ. ಹಾಸನಕ್ಕೆ ಕರ್ಕೊಂಡೋಗವ್ರೆ, ನಡಿ ತಾಯಿ." ಅವ್ವ ಒಲೆಯ ಮೇಲಿದ್ದ ಪಾತ್ರೆ ಇಳಿಸಲೂ ಇಲ್ಲ. ಉಟ್ಟ ಸೀರೆಯಲ್ಲೇ ಹೋದಳು. ಹೋಗುವಾಗ 'ಬತ್ತೀನಿ' ಅನ್ನಲಿಲ್ಲ. ಸಾರು ಸೀದ ವಾಸನೆ ಮನೆ ತುಂಬಿಕೊಂಡಿತು.

ಅಪ್ಪನಿಗೆ ಜೀವಕ್ಕೇನೂ ಆಗಿಲ್ಲ, ಬಲಗಾಲು ಮುರಿದಿದೆ, ಪಕ್ಕೆಲುಬಿಗೂ ಪೆಟ್ಟಾಗಿದೆ ಎಂದು ಮಾರನೆಯ ದಿನ ಗೊತ್ತಾಯಿತು. ಆದರೆ ಆ ಸುದ್ದಿಗಿಂತ ಮೊದಲು ನನ್ನ ಕಿವಿಗೆ ಬಿದ್ದದ್ದು ಬೇರೆಯದು. ಜಗಲಿಯ ಮೇಲೆ ನೆರೆದ ಹೆಂಗಸರ ಎದುರು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದಳು, "ಹೊರಡೋ ಹೊತ್ನಲ್ಲಿ ಯಾರೋ ಎಲ್ಲಿಗೆ ಅಂತ ಕೇಳವ್ರೆ ಕಣ್ರೀ. ಇಲ್ದಿದ್ರೆ ನನ್ನ ಮಗಂಗೆ ಹಿಂಗಾಗ್ತಿರ್ಲಿಲ್ಲ. ಅದ್ಯಾವ ಪಾಪಿ ನಾಲಿಗೇನೋ."

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಕೈಕಾಲು ತಣ್ಣಗಾದವು. ಅಲ್ಲಿಂದ ಹಿತ್ತಿಲಿಗೆ ಓಡಿ, ಬಚ್ಚಲ ಒಲೆಯ ಬೂದಿ ತೆಗೆದು ನಾಲಿಗೆಗೆ ತಿಕ್ಕಿಕೊಂಡೆ. ವಾಂತಿಯಾಯಿತು. ನಾಲಿಗೆ ಅಲ್ಲೇ ಇತ್ತು.

ನಾನೊಂದು ಮಾತಾಡಿದರೆ ಮನುಷ್ಯರು ಸಾಯಬಹುದು ಎಂದು ನಾನು ನಿಜವಾಗಿಯೂ ನಂಬಿದ್ದೆ. 'ಎಲ್ಲಿ' ಎಂಬ ಪದವನ್ನೇ ಬಿಟ್ಟುಬಿಟ್ಟೆ. ಉಪ್ಪು ಎಲ್ಲಿ ಎನ್ನುವ ಬದಲು "ಉಪ್ಪು ಅಂತ ಒಂದಿತ್ತಲ್ಲ" ಎನ್ನುತ್ತಿದ್ದೆ. ಅವ್ವ ಅಂಗಡಿಗೆ ಹೊರಟರೆ ಸೆರಗು ಹಿಡಿದು ಮೂರು ಸಲ 'ಬತ್ತೀನಿ' ಹೇಳಿಸುತ್ತಿದ್ದೆ. ಮೂರರಲ್ಲಿ ಒಂದು ಸರಿಯಾಗಿ ಕೇಳಿಸದಿದ್ದರೆ ಮತ್ತೆ ಮೊದಲಿನಿಂದ. "ಏನೇ ಇದು ಹೊಸಾ ರಾಮಾಯಣ" ಎಂದು ಅವ್ವ ರೇಗುತ್ತಿದ್ದಳು. ಶಾಲೆಯಲ್ಲಿ ಮೇಷ್ಟ್ರು ಪ್ರಶ್ನಾರ್ಥಕ ಪದಗಳನ್ನು ಹೇಳಿಸುತ್ತಿದ್ದಾಗ, ಯಾರು, ಏನು, ಯಾವಾಗ, ಏಕೆ ಎಂದು ಹೇಳಿ ಬಾಯಿ ಮುಚ್ಚಿ ನಿಂತೆ. "ಇನ್ನೊಂದು?" ಎಂದರು. ನಾನು ಹೇಳಲಿಲ್ಲ. ಎದುರಿಗಿದ್ದ ಮೇಷ್ಟ್ರಿಗೆ ಇಬ್ಬರು ಸಣ್ಣ ಮಕ್ಕಳಿದ್ದರು, ಸಂಜೆ ಅವರು ಬಸ್ಸು ಹತ್ತಬೇಕಿತ್ತು. ಬೆಂಚಿನ ಮೇಲೆ ನಿಲ್ಲಿಸಿದರು. ನಿಂತೆ.

ಹದಿನೈದು ದಿನಕ್ಕೆ ಅಪ್ಪ ಮನೆಗೆ ಬಂದ. ತೊಡೆಯ ತನಕ ಪ್ಲಾಸ್ಟರು. ಹಗಲು ಜಗಲಿಯ ಬಿಸಿಲಿಗೆ ಮಂಚ ಹಾಕಿ ಕೂರಿಸುತ್ತಿದ್ದರು. ಸುಮ್ಮನೆ ಕೂತವನ ಮುಂದೆ ಅವ್ವ ಮೊರದ ತುಂಬ ಅವರೆಕಾಯಿ ಸುರಿದುಹೋಗುತ್ತಿದ್ದಳು. "ಡ್ರೈವರ್ ಸಾಹೇಬ್ರಿಗೆ ಸುಲಿಯೋ ಕಡೆಗೆ ಟ್ರಾನ್ಸ್‌ಫರ್ ಆಗೈತೆ" ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ನಾನು ಮಾತ್ರ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಶಾಲೆಯಿಂದ ಹಿತ್ತಿಲ ಬಾಗಿಲಲ್ಲೇ ಒಳಗೆ ಬರುತ್ತಿದ್ದೆ.

ಒಂದು ಮಧ್ಯಾಹ್ನ ಅವನೇ ಕೂಗಿದ. "ಪುಟ್ಟಿ, ಬಾ ಇಲ್ಲಿ. ಒಬ್ನೇ ಸುಲ್ದೂ ಸುಲ್ದೂ ಉಗುರು ಕಿತ್ತು ಬಂತು."

ಹೋಗಿ ಮಂಚದ ತುದಿಯಲ್ಲಿ ಕೂತೆ. ಪ್ಲಾಸ್ಟರಿನ ಕಡೆ ನೋಡಲಿಲ್ಲ.

"ನನ್ನ ಮೇಲೆ ಕೋಪಾನಾ?"

ಇಲ್ಲವೆಂದು ತಲೆಯಾಡಿಸಿದೆ.

"ಮತ್ತೆ? ಊಟ ಬಿಟ್ಟಿದ್ದೀಯಂತೆ. ಅವ್ವ ಹೇಳಿದ್ಲು."

ಎಷ್ಟು ದಿನದಿಂದ ಬಚ್ಚಿಟ್ಟಿದ್ದ ಮಾತೋ, ಬಾಯಿಗೆ ಬಂದೇಬಿಟ್ಟಿತು. "ಅವತ್ತು ನಾನೇ ಕೇಳಿದ್ದು ಕಣಪ್ಪಾ. ನಾನೇ ಅನ್ಬಾರದ್ದು ಅಂದಿದ್ದು. ಅಜ್ಜಿಗೆ ಹೇಳ್ಬೇಡ." ಬಿಕ್ಕಿ ಬಿಕ್ಕಿ ಅತ್ತೆ. ಏನು ಕೇಳಿದ್ದು ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗಲು ಹೋಗಿ, ಪಕ್ಕೆ ನೋವಿಗೆ ಕೈಯಿಟ್ಟುಕೊಂಡ.

"ಅಲ್ಲ ಕಣವ್ವಾ, ನಾನು ಸ್ಟೇಷನ್ನಲ್ಲಿ ನಿಂತ್ಕೊಂಡು ದಿನಾ ಏನಂತ ಕೂಗ್ತೀನಿ ಹೇಳು. ಎಲ್ಲಿಗೆ ಸಾರ್, ಎಲ್ಲಿಗೆ ಅಮ್ಮಾ. ಎಲ್ಲಿಗೆ ಅಂತ ಕೇಳ್ದೆ ಹೋದ್ರೆ ನಮ್ಮನೇಲಿ ಒಲೆ ಉರಿಯಲ್ಲ. ಹತ್ತು ವರ್ಷದಿಂದ ಎಷ್ಟು ಸಾವಿರ ಜನಕ್ಕೆ ಕೇಳಿದ್ದೀನೋ. ಎಲ್ರೂ ಹೋಗಿ ಬಂದವ್ರೆ."

ಇದು ನನಗೆ ಹೊಳೆದೇ ಇರಲಿಲ್ಲ. ಅಳು ನಿಂತಿತು. ಆದರೂ ಕೇಳಿದೆ, "ಮತ್ತೆ ಯಾಕೆ ಹಂಗಾಯ್ತು?"

ಅಪ್ಪ ಸುಲಿಯುವುದನ್ನು ನಿಲ್ಲಿಸಿದ. ದೊಡ್ಡವರಿಗೆ ಹೇಳುವ ಹಾಗೆ ಹೇಳಿದ. "ತಿರುವಿನಾಚೆ ಹುರುಳಿ ಹಾಸಿದ್ರು. ಕಾಣಿಸ್ಲಿಲ್ಲ. ಟೈರು ಜಾರ್ತು. ಅದು ನನ್ನ ಕೈಲಿರ್ಲಿಲ್ಲ. ಆದ್ರೆ ನಾನು ಬೇಗ ಮನೆಗೆ ಬರೋಣಾಂತ ಜೋರಾಗೇ ಬತ್ತಿದ್ದೆ. ಅದು ನನ್ನ ಕೈಲಿತ್ತು. ಅದು ನನ್ನ ತಪ್ಪು. ನಿಧಾನಕ್ಕೆ ಬಂದಿದ್ರೆ ಕಾಲು ಉಳೀತಿತ್ತೋ ಏನೋ. ಇದ್ರಲ್ಲಿ ನಿಂದು ಎಲ್ಲೈತೆ ಹೇಳು. ಹುಡುಕಿದ್ರೂ ಇಲ್ಲ."

ಇನ್ನೊಂದು ಕಾಯಿ ಕೈಗೆತ್ತಿಕೊಂಡು ಮತ್ತೆ ಅಂದ, "ಕಣ್ಮುಚ್ಚಿದ್ರೆ ಆ ಮರ ಮೈಮೇಲೆ ಬತ್ತದೆ. ತಿರುಗಿ ವ್ಯಾನು ಹತ್ತೋಕೆ ನಂಗೂ ಭಯ ಆಯ್ತದೆ."

ನಿಜ ಹೇಳಬೇಕೆಂದರೆ ಇದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಭಯವಾಯಿತು. ಅಪ್ಪಂದಿರು ಹೆದರುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಮಾತಿಗೆ ಅವನನ್ನು ಬೀಳಿಸುವ ಶಕ್ತಿಯಿಲ್ಲ ಎಂದರೆ ಉಳಿಸುವ ಶಕ್ತಿಯೂ ಇಲ್ಲವಲ್ಲ. ಮೂರು ಸಲ 'ಬತ್ತೀನಿ' ಹೇಳಿಸಿದರೂ ಅವ್ವನ ತಲೆಯ ಮೇಲೆ ಏನು ಬೇಕಾದರೂ ಬೀಳಬಹುದು. ಆ ರಾತ್ರಿ ಅವ್ವನ ಸೆರಗನ್ನು ಕೈಗೆ ಸುತ್ತಿಕೊಂಡು ಮಲಗಿದೆ.

ಪ್ಲಾಸ್ಟರು ಬಿಚ್ಚಿ, ಗ್ಯಾರೇಜಿನಿಂದ ವ್ಯಾನು ಬಂದ ಮೇಲೆ ಅಪ್ಪ ನನಗೊಂದು ಕೆಲಸ ಕೊಟ್ಟ. ಇನ್ನೂ ಬಾಡಿಗೆಗೆ ಹೋಗದಿದ್ದರೂ ಬೆಳಿಗ್ಗೆ ಐದೂವರೆಗೇ ಎಬ್ಬಿಸಿ ವ್ಯಾನಿನ ಹಿಂದೆ ನಿಲ್ಲಿಸುತ್ತಿದ್ದ. ಅವನು ಒಳಗೆ ಕೂತು ಒಂದೊಂದೇ ದೀಪ ಹಾಕುತ್ತಿದ್ದ. ನಾನು ಕೂಗಬೇಕು: "ಬಲಗಡೆ ಐತೆ. ಎಡಗಡೆ ಐತೆ. ಬ್ರೇಕ್ ಲೈಟ್ ಐತೆ." ಆಮೇಲೆ ಕನ್ನಡಿ ಒರೆಸುವುದು, ನಾಲ್ಕು ಚಕ್ರಗಳನ್ನೂ ಒದ್ದು ನೋಡುವುದು. ಬಡಾಯಿಯಲ್ಲ, ಒಂದು ದಿನ ಎಡಗಡೆಯ ದೀಪ ಹೋಗಿದ್ದನ್ನು ನಾನೇ ಕಂಡುಹಿಡಿದೆ. ಅವನು ಇಳಿದು ಬಂದು ನೋಡಿ, "ಭೇಷ್" ಎಂದು ಬಲ್ಬು ಬದಲಾಯಿಸಿದ. ಬಹಳ ದಿನಗಳ ಮೇಲೆ ಆವತ್ತು ನಾನು ಎರಡು ಮುದ್ದೆ ಉಂಡೆ.

ಹಾಗೆಂದು ಭಯ ಹೋಯಿತು ಅಂದುಕೊಳ್ಳಬೇಡಿ. ಶಿವರಾತ್ರಿ ಕಳೆದು ಅವನು ಮೊದಲ ಸಲ ಬಾಡಿಗೆಗೆ ಹೊರಟ ದಿನ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಯೆಂದು ಸುಳ್ಳು ಹೇಳಿದೆ. ಅಜ್ಜಿ ಚಕ್ರದಡಿ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆದು, ಬೀದಿಯ ಆ ತುದಿ ಈ ತುದಿ ನೋಡಿ ಯಾರೂ ಎದುರು ಬರುತ್ತಿಲ್ಲವೆಂದು ಖಾತರಿ ಮಾಡಿಕೊಂಡಳು. ಅಪ್ಪ ಇಂಜಿನ್ ಹಾಕಿದವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಪುಟ್ಟಿ, ಕೇಳು."

ನನಗೆ ಅರ್ಥವಾಯಿತು. ಆಗದವಳ ಹಾಗೆ ನಿಂತೆ.

"ಎಲ್ಲಿಗೆ ಅಂತ ಕೇಳು. ಕೇಳೋ ತನಕ ಹೊರಡಲ್ಲ."

"ಬುದ್ಧಿ ನೆಟ್ಟಗೈತೇನ್ಲಾ ನಿಂಗೆ?" ಎಂದು ಅಜ್ಜಿ ಮುಂದೆ ಬಂದಳು. "ಹೊರಡೋ ಹೊತ್ನಲ್ಲಿ ಆ ಮಾತ್ಯಾಕ್ಲಾ?"

"ನೀನು ಸುಮ್ನಿರವ್ವ. ಮಗು ಕೇಳ್ಲಿ."

ಅವನ ಕೈ ಸ್ಟೇರಿಂಗನ್ನು ಬಿಡದೆ ಬಿಗಿಯಾಗಿ ಹಿಡಿದಿದ್ದದ್ದು ನನಗೆ ಕಾಣಿಸಿತು. ಅವನೂ ಹೆದರಿದ್ದ, ಆದರೂ ಹೊರಟಿದ್ದ. ಆ ಕೈಯನ್ನು ನೋಡುತ್ತಲೇ ಕೇಳಿದೆ. ದನಿ ನನಗೇ ಕೇಳಿಸಲಿಲ್ಲ.

"ಜೋರಾಗಿ."

"ಎಲ್ಲಿಗಪ್ಪಾ?"

"ಹಳೇಬೀಡಿಗೆ ಕಣವ್ವ. ನಿಧಾನಕ್ಕೆ ಓಡಿಸ್ತೀನಿ. ಲೇಟಾದ್ರೆ ಲೇಟು" ಎಂದು ಹೊರಟ. ಅಜ್ಜಿ ನನ್ನ ಕಡೆ ನೋಡದೆ ಒಳಗೆ ಹೋದಳು.

ಆ ದಿನ ಹೇಗೆ ಕಳೆಯಿತೆಂದು ಕೇಳಬೇಡಿ. ಶಾಲೆಯಲ್ಲಿ ಲೆಕ್ಕ ಮಾಡಿದೆ, ಮಧ್ಯಾಹ್ನ ಬಿಸಿಯೂಟ ಉಂಡೆ, ಮನೆಗೆ ಬಂದು ಬಟ್ಟೆ ಮಡಿಸಿದೆ. ನನ್ನ ಕೈಲಿದ್ದದ್ದು ಅಷ್ಟೇ. ಬೀದಿ ಬಾಗಿಲಿಗೆ ಹೋಗಕೂಡದು ಎಂದು ಆಣೆ ಹಾಕಿಕೊಂಡಿದ್ದರೂ ಹಾರನ್ ಕೇಳಿದಾಗಲೆಲ್ಲ ಓಡಿದೆ. ಅಪ್ಪ ಬಂದದ್ದು ಎಂಟಕ್ಕೆ. ಕೈಕಾಲು ತೊಳೆದುಕೊಂಡು, "ಏನೇ ಸಾರು?" ಎಂದು ಅವ್ವನನ್ನು ಕೇಳಿದ. ಅಷ್ಟೇ. ಅಜ್ಜಿ ಮಾತ್ರ ನಿಂಬೆಹಣ್ಣಿನಿಂದಲೇ ಬಂದನೆಂದು ಕೊನೆಯ ತನಕ ಹೇಳುತ್ತಿದ್ದಳು.

ಈಗ ಅಜ್ಜಿಯಿಲ್ಲ. ಯಾರು ಎಲ್ಲಿದ್ದಾರೆಂದು ಫೋನಿನಲ್ಲೇ ಕಾಣುತ್ತದೆ. ನನ್ನ ಮಗಳು ಹೊರಟವರ ಮುಖ ನೋಡುವುದಿಲ್ಲ, ನಾನೂ ಹೊರಡುವಾಗ ಮನೆಯೊಳಗೆ ತಿರುಗಿ ನೋಡುವುದು ಕಡಿಮೆಯಾಗಿದೆ. ಹೊಸಿಲ ಮೇಲೆ ನಿಂತು ಒಬ್ಬರಿಗಾಗಿ ಇನ್ನೊಬ್ಬರು ಹೆದರುತ್ತಿದ್ದ ಆ ಅರೆನಿಮಿಷ ಯಾವಾಗ ಮಾಯವಾಯಿತೋ ತಿಳಿಯದು. ಅದರಲ್ಲಿ ಮೂಢನಂಬಿಕೆ ಎಷ್ಟಿತ್ತೋ, ಅಕ್ಕರೆಯೂ ಅಷ್ಟೇ ಇತ್ತು.

ಅಪ್ಪ ಹೋದ ವರ್ಷ ತೀರಿಕೊಂಡ. ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಆವತ್ತು ಬೆಳಿಗ್ಗೆ ಅವನು ಫೋನು ಮಾಡಿದ್ದ. ಆಫೀಸಿನಲ್ಲಿದ್ದೆ, ಆಮೇಲೆ ಮಾಡುತ್ತೇನೆ ಎಂದಿದ್ದೆ. ತಿಥಿಯ ತನಕ ಅದೊಂದೇ ತಲೆಯಲ್ಲಿ ಕೊರೆಯಿತು. ಎರಡು ನಿಮಿಷ ಮಾತಾಡಿದ್ದರೆ, ದನಿಯಲ್ಲೇ ಗೊತ್ತಾಗಿದ್ದರೆ, ಆಸ್ಪತ್ರೆಗೆ ಹೋಗು ಎಂದಿದ್ದರೆ. ಹತ್ತು ವರ್ಷದ ಹುಡುಗಿಯ ಕೈಕಾಲು ತಣ್ಣಗಾದ ಹಾಗೆಯೇ ನನ್ನವೂ ಆದವು. ಹನ್ನೆರಡನೇ ದಿನ, ನೆಂಟರೆಲ್ಲ ಹೋದ ಮೇಲೆ, ಒಬ್ಬಳೇ ಕೂತು ಯೋಚಿಸಿದೆ. ಆ ಫೋನಿನಲ್ಲಿ ಮಾತಾಡುವುದು ನನ್ನ ಕೈಲಿತ್ತು, ಮಾತಾಡಲಿಲ್ಲ. ಆ ಬೇಜಾರು ನನ್ನದು, ಇಟ್ಟುಕೊಳ್ಳುತ್ತೇನೆ. ಅವನ ಉಸಿರು ನನ್ನ ಕೈಲಿರಲಿಲ್ಲ.

ಆಮೇಲೆ ಅತ್ತೆ. ಹೆದರಿಕೆ ಬೆರೆಯದೆ ಅತ್ತದ್ದು ಅದೇ ಮೊದಲು. ಅಪ್ಪ ಇಲ್ಲ ಎಂಬುದಷ್ಟೇ ಆ ಅಳುವಿನಲ್ಲಿತ್ತು.