ಹೊರಗೆ ಬಾರದ ಉಸಿರು

ನಾನು ಚಿಕ್ಕವಳಿದ್ದಾಗ ನನಗೆ ಉಬ್ಬಸವಿತ್ತು, ಮಕ್ಕಳೇ. ಹಾಗಾಗಿ ನಮ್ಮ ಮನೆಯ ಕೊಬ್ಬರಿ ಅಟ್ಟವನ್ನು ನಾನು ಹತ್ತುವಂತಿರಲಿಲ್ಲ. ತಿಪಟೂರಿನ ಸುತ್ತಮುತ್ತ ತೋಟವಿದ್ದವರ ಮನೆಗಳಲ್ಲೆಲ್ಲ ಅಂಥದೊಂದು ಅಟ್ಟ ಇರುತ್ತಿತ್ತು. ಸಿಪ್ಪೆ ಸಮೇತ ತೆಂಗಿನಕಾಯಿಯನ್ನು ಅಲ್ಲಿ ರಾಶಿ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟರೆ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಕೊಬ್ಬರಿ ಆಯಿತೆಂದು ಅರ್ಥ. ಹಾಗೆ ಆರಿಸುವುದರಲ್ಲಿ ಅಕ್ಕನ ಕಿವಿ ಬಲು ಚುರುಕು. ನನ್ನನ್ನು ಮಾತ್ರ ಧೂಳು ಆಗಿಬರುವುದಿಲ್ಲವೆಂದು ಅಂಗಳದಲ್ಲೇ ಕೂರಿಸುತ್ತಿದ್ದರು. ನನಗೆ ಹೊಟ್ಟೆಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದರು. ಅಕ್ಕ ಮುಂದಿನ ಜಗಲಿಯಲ್ಲಿ ಚಿಪ್ಪು ಒಡೆಯುತ್ತಿದ್ದಳು. ನಾನೂ ಆರಿಸಬಲ್ಲೆ ಎಂದು ತೋರಿಸಲು ಕಳ್ಳಹೆಜ್ಜೆಯಲ್ಲಿ ಏಣಿ ಹತ್ತಿದೆ. ಮೇಲೆ ಕತ್ತಲು, ಸೆಕೆ, ಒಣನಾರಿನ ಘಾಟು. ಜಾಣೆ ನಾನು, ರಾಶಿಯ ಬುಡದಿಂದಲೇ ಒಂದು ಕಾಯಿ ಎಳೆದೆ. ಇಡೀ ರಾಶಿ ದಡದಡನೆ ಜಾರಿ ನನ್ನನ್ನು ಸೊಂಟದವರೆಗೆ ಮುಚ್ಚಿತು. ಧೂಳು ಕವಿದುಕೊಂಡಿತು.

ಎದೆ ಬಿಗಿಯತೊಡಗಿತು. ಉಬ್ಬಸವೆಂದರೆ ಗಾಳಿ ಒಳಗೆ ಹೋಗದಿರುವುದು ಎಂದು ಜನ ತಿಳಿಯುತ್ತಾರೆ. ನನ್ನ ಎದೆಯಲ್ಲಿ ಗಾಳಿ ತುಂಬಿಯೇ ಇತ್ತು, ಆದರೆ ಹೊರಗೆ ಹೋಗಲು ದಾರಿಯಿರಲಿಲ್ಲ. ಹಳೆಯ ಗಾಳಿ ಹೋಗದೆ ಹೊಸ ಗಾಳಿಗೆ ಜಾಗವೆಲ್ಲಿ? ನಾನು ಕಾಯಿಗಳ ನಡುವೆ ಸಿಕ್ಕಿಕೊಂಡಿದ್ದೆ, ಗಾಳಿ ನನ್ನೊಳಗೆ ಸಿಕ್ಕಿಕೊಂಡಿತ್ತು. ಕೂಗೋಣವೆಂದರೆ ಕೂಗಿಗೂ ಉಸಿರು ಬೇಕಲ್ಲ. ಸುಂಯ್ ಎಂಬ ಸದ್ದು ಬಿಟ್ಟು ಬಾಯಿಂದ ಏನೂ ಹೊರಡಲಿಲ್ಲ. ಸತ್ತೇ ಹೋಗುತ್ತೇನೆ ಅನ್ನಿಸಿತು.

ಕೈಗೆ ಸಿಕ್ಕ ಕಾಯಿಯೊಂದನ್ನು ಎತ್ತಿ ಅಲ್ಲಾಡಿಸಿದೆ. ಲೊಡಲೊಡ ಸದ್ದು ಕೆಳಗೆ ಇಬ್ಬರಿಗೂ ಕೇಳಿಸಿತಂತೆ. ಆದರೆ ಅಟ್ಟದಲ್ಲಿ ಕಾಯಿ ಉರುಳುವುದು, ಅಲ್ಲಾಡುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಅಕ್ಕ ಆರಿಸುತ್ತಿದ್ದಾಳೆಂದು ಅಪ್ಪ ಸುಮ್ಮನಿದ್ದರು. ಅಪ್ಪ ಆರಿಸುತ್ತಿದ್ದಾರೆಂದು ಅಕ್ಕ ಸುಮ್ಮನಿದ್ದಳು. ನಾನು ಅಲ್ಲಾಡಿಸುತ್ತಲೇ ಇದ್ದೆ, ಕೈ ಸೋಲುತ್ತಿತ್ತು.

ಕೊನೆಗೆ ಸುಲಿದ ಕಾಯಿ ಒಯ್ಯಲು ಅಕ್ಕ ಹಿತ್ತಲಿಗೆ ಬಂದಳು. ಅಪ್ಪನನ್ನು ಅಲ್ಲಿ ಕಂಡು ನಿಂತುಬಿಟ್ಟಳಂತೆ.

“ಅಟ್ಟದ ಮೇಲೆ ಯಾರಪ್ಪ ಇರೋದು?”

“ನೀನೇ ಅಂದ್ಕಂಡಿದ್ದೆ ಕಣೇ,” ಅಂದ ಅಪ್ಪ ಏಣಿಯತ್ತ ಓಡಿದರು.

ಅಪ್ಪ ಕಾಯಿಗಳನ್ನು ಎರಡೂ ಕೈಯಿಂದ ಬಾಚಿ ನನ್ನನ್ನು ಎಳೆದು, ಹೊತ್ತು ಕೆಳಗಿಳಿಸಿದರು. ಅಕ್ಕ ನನ್ನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮುಖಕ್ಕೆ ಮುಖ ಕೊಟ್ಟು ಕುಳಿತಳು.

“ಉಸ್ರು ಎಳ್ಕಬ್ಯಾಡ ಕಣೇ. ಒಳಗಿರೋದ್ನ ಮೊದ್ಲು ಬುಡು. ಒಲೆ ಊದ್ತೀಯಲ್ಲ, ಹಂಗೆ ನಿಧಾನಕ್ಕೆ.”

ಅವಳು ಊದಿದಂತೆ ನಾನೂ ಊದಿದೆ. ದಾರಿ ಕೂದಲೆಳೆಯಷ್ಟು ಬಿಟ್ಟಿತು. ಅಷ್ಟರಲ್ಲಿ ಅಪ್ಪ ಸೈಕಲ್ ತೆಗೆದರು. ತಿಪಟೂರಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಎದೆ ಸಡಿಲವಾಯಿತು.

ಆಮೇಲೆ ಹೈಸ್ಕೂಲಿನಲ್ಲಿ ಕಲಿತದ್ದನ್ನು ಅಕ್ಕ ನನಗೆ ಹುಣಸೆಮರ ತೋರಿಸಿ ಹೇಳಿಕೊಟ್ಟಳು. ತೆಂಗಿಗೆ ಕೊಂಬೆಯಿಲ್ಲದ್ದರಿಂದ ಅದು ಈ ಪಾಠಕ್ಕೆ ಬರುವುದಿಲ್ಲವಂತೆ. ಮರವನ್ನು ತಲೆಕೆಳಗು ಮಾಡಿದರೆ ಬೊಡ್ಡೆಯೇ ಶ್ವಾಸನಾಳ. ಅದು ಎರಡಾಗಿ ಕವಲೊಡೆದು ಎರಡು ಶ್ವಾಸಕೋಶಗಳಿಗೆ ಹೋಗುತ್ತದೆ, ಅಲ್ಲಿ ರೆಂಬೆಯಾಗಿ, ಕಡ್ಡಿಯಾಗಿ ಒಡೆಯುತ್ತದೆ. ತುದಿಗಳಲ್ಲಿ ಪುಟ್ಟ ಗಾಳಿಚೀಲಗಳು. ರಕ್ತ ಅಲ್ಲಿ ಆಮ್ಲಜನಕ ತೆಗೆದುಕೊಂಡು ಬೇಡದ ಗಾಳಿಯನ್ನು ಬಿಟ್ಟುಕೊಡುತ್ತದೆ. ಎದೆಯ ಕೆಳಗೆ ವಪೆ ಎಂಬ ಸ್ನಾಯುವಿದೆ. ಅದು ಕೆಳಗಿಳಿದಾಗ ಗಾಳಿ ಒಳಗೆ, ಮೇಲೇರಿದಾಗ ಹೊರಗೆ. ಧೂಳು ತಾಗಿದ್ದರಿಂದ ನನ್ನ ಕಡ್ಡಿಯಂಥ ನಾಳಗಳು ಊದಿ ಬಿಗಿದುಕೊಂಡಿದ್ದವು.

ನಿಮ್ಮಲ್ಲೊಬ್ಬಳಿಗೆ ನನ್ನ ಉಬ್ಬಸ ಬಂದಿದೆ. ಅವಳ ಶಾಲೆಯ ಚೀಲದಲ್ಲಿ ಇನ್‌ಹೇಲರ್ ಇರುತ್ತದೆ, ಅವಳ ಟೀಚರಿಗೂ ಗೆಳತಿಯರಿಗೂ ಅದು ಗೊತ್ತು. ಆಟದ ನಡುವೆ ನಿಂತು, ಔಷಧಿ ಎಳೆದುಕೊಂಡು, ಉಸಿರು ಹಿಡಿದು ಹತ್ತು ಎಣಿಸಿ ಬಿಡುತ್ತಾಳೆ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಓಡುತ್ತಾಳೆ. ಅದು ಅವಳಿಗೆ ಚಪ್ಪಲಿ ಹಾಕಿಕೊಂಡಷ್ಟೇ ಸಲೀಸು. ಪಕ್ಕದಲ್ಲಿ ನಿಂತ ನಾನು ಮಾತ್ರ, ಅವಳು ಉಸಿರು ಬಿಡುವವರೆಗೆ ನನ್ನದನ್ನು ಬಿಡುವುದಿಲ್ಲ.